ಯವನಪುರದಲ್ಲಿ ತಂದೆಯವರೊಡನೆ

೨೦೨೩ನೆಯ ಇಸವಿಯಲ್ಲಿ ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾಗಿ, ಸಾಗರದ ಸೀಮೆಯಲ್ಲಿರುವ ನಮ್ಮ ಹಳ್ಳಿಗೆ ಹಿಂದಿರುಗಿದ ಮೇಲೆ, ದುಬೈಯಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು ಒಂದು ದಿನ ದೂರವಾಣಿಯಲ್ಲಿ ಹೀಗೆಂದಳು: “ಅಪ್ಪ, ಅಜ್ಜನಿಗೆ ಎಂಬತ್ತನಾಲ್ಕು ತುಂಬಿತು. ಅವರಿಗೆ ಎಲ್ಲಿಗೆ ಹೋಗಬೇಕೆಂದು ಆಸೆಯಿದೆಯೋ ಕೇಳು. ಕರೆದುಕೊಂಡು ಹೋಗಿ ಬಾ. ಖರ್ಚು ನನ್ನದು.” ನಾನು ಕಾಶಿಯನ್ನೋ ಬದರಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ತಂದೆಯವರನ್ನು ಕೇಳಿದೆನು. ಅವರು ಜಗಲಿಯ ಮೇಲೆ ಅಡಕೆಯನ್ನು ಆರಿಸುತ್ತ ಕುಳಿತಿದ್ದರು. ಆರಿಸುತ್ತ ಎಂದರೆ ಬೆರಳಿನಿಂದ ತಡವಿ ಆರಿಸುತ್ತ. ತಲೆಯನ್ನೆತ್ತದೆಯೇ “ಯವನಪುರ” ಎಂದರು.

ಮಗಳು ಆ ಹೆಸರನ್ನು ತನ್ನ ಯಂತ್ರದಲ್ಲಿ ಎಷ್ಟು ಹುಡುಕಿದರೂ ಅಂಥ ವಿಮಾನ ನಿಲ್ದಾಣ ಸಿಕ್ಕಲಿಲ್ಲ. ಸಿಕ್ಕುವುದಾದರೂ ಹೇಗೆ? ಆ ಹೆಸರಿರುವುದು ವರಾಹಮಿಹಿರಾಚಾರ್ಯರ ಪಂಚಸಿದ್ಧಾಂತಿಕೆಯಲ್ಲಿ. ಶಾಲಿವಾಹನ ಶಕ ೪೨೭, ಎಂದರೆ ಕ್ರಿಸ್ತಶಕ ೫೦೫ನ್ನು ಗಣಿತದ ಆರಂಭವರ್ಷವಾಗಿ ಇಟ್ಟುಕೊಂಡ ಆ ಗ್ರಂಥದಲ್ಲಿ, ಯವನಪುರಕ್ಕೂ ಉಜ್ಜಯಿನಿಗೂ ಕಾಲದ ಅಂತರ ೭ ಘಟಿ ೨೦ ವಿಘಟಿಯೆಂದೂ, ಯವನಪುರಕ್ಕೂ ಕಾಶಿಗೂ ೯ ಘಟಿಯೆಂದೂ ಹೇಳಿದೆ. ಆ ಯವನಪುರವು ಈಜಿಪ್ಟ್ ದೇಶದ ಸಮುದ್ರತೀರದಲ್ಲಿರುವ ಅಲೆಕ್ಸಾಂಡ್ರಿಯಾ ನಗರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಟೀಬೋ ಮಹಾಶಯರೂ ಸುಧಾಕರ ದ್ವಿವೇದಿಗಳೂ ೧೮೮೯ರಲ್ಲಿ ಅಚ್ಚುಮಾಡಿಸಿದ ಆ ಗ್ರಂಥದ ಒಂದು ಹಳೆಯ ಪ್ರತಿ ನಮ್ಮ ಮನೆಯ ಅಟ್ಟದಲ್ಲಿತ್ತು. ತಂದೆಯವರು ಅದನ್ನು ಎಷ್ಟು ಸಲ ಓದಿದ್ದರೆಂದರೆ, ನನ್ನ ಬಾಲ್ಯದಲ್ಲಿ ಯವನಪುರವೆಂಬುದು ಹೊಸನಗರದ ಆಚೆಗಿರುವ ಯಾವುದೋ ಪೇಟೆಯೆಂದೇ ನಾನು ತಿಳಿದುಕೊಂಡಿದ್ದೆನು.

ತಂದೆಯವರು ಪಂಚಾಂಗದ ಗಣಿತವನ್ನು ಬಲ್ಲವರು. ಅಚ್ಚಿನ ಪಂಚಾಂಗ ಎಲ್ಲ ಕಡೆಯೂ ದೊರೆಯುತ್ತಿದ್ದ ಕಾಲದಲ್ಲಿಯೂ, ನಮ್ಮ ಊರಿನ ಅಕ್ಷಾಂಶಕ್ಕೆ ಸರಿಯಾಗಿ ತಿಥಿ ನಕ್ಷತ್ರಗಳನ್ನು ಗುಣಿಸಿ, ಸುತ್ತಮುತ್ತಲಿನ ಹತ್ತು ಮನೆಗಳಿಗೆ ಕೈಬರಹದ ಪ್ರತಿಗಳನ್ನು ಕೊಡುತ್ತಿದ್ದರು. ೧೯೯೨ರಲ್ಲಿ ಅದನ್ನು ನಿಲ್ಲಿಸಿದರು. ಏಕೆ ನಿಲ್ಲಿಸಿದರೆಂದು ನಾನು ಕೇಳಲಿಲ್ಲ. ಕೇಳದೆ ಇರುವುದಕ್ಕೆ ಕಾರಣವುಂಟು. ಅದನ್ನು ಹೇಳಿಯೇ ಮುಂದೆ ಹೋಗಬೇಕು.

೧೯೮೬ರಲ್ಲಿ ನಾನು ಸಂಸ್ಕೃತದಲ್ಲಿ ಎಂ. ಎ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆನು. ಇಪ್ಪತ್ತಮೂರರ ವಯಸ್ಸು, ಕೈಯಲ್ಲಿ ಮೊದಲ ಸಂಬಳ. ದೀಪಾವಳಿಗೆ ಊರಿಗೆ ಬಂದವನು, ಊಟದ ಪಂಕ್ತಿಯಲ್ಲಿ ನಾಲ್ಕು ಮಂದಿ ನೆಂಟರ ಎದುರಿಗೆ, “ಅಪ್ಪಯ್ಯ ಹಲಗೆಯ ಮೇಲೆ ಗ್ರಹಗಳನ್ನು ಓಡಿಸುತ್ತಾರೆ, ತಲೆಯೆತ್ತಿ ಆಕಾಶವನ್ನು ನೋಡುವುದಿಲ್ಲ” ಎಂದುಬಿಟ್ಟೆನು. ಒಬ್ಬಿಬ್ಬರು ನಕ್ಕರು. ತಂದೆಯವರು ಮಜ್ಜಿಗೆಯ ಅನ್ನವನ್ನು ಪೂರೈಸಿ, ಕೈ ತೊಳೆದುಕೊಂಡು ತೋಟಕ್ಕೆ ಹೋದರು. ಅಷ್ಟೆ. ಆದರೆ ನನಗೆ ಏಳು ವರ್ಷವಾಗಿದ್ದಾಗ ಮಾಘಮಾಸದ ಒಂದು ರಾತ್ರಿ ಅಡಕೆಯ ಅಂಗಳದಲ್ಲಿ ನನ್ನನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು, ದಕ್ಷಿಣದ ಮರಗಳ ಮೇಲೆ ಬೆಳ್ಳಗೆ ಹೊಳೆಯುತ್ತಿದ್ದ ಅಗಸ್ತ್ಯ ನಕ್ಷತ್ರವನ್ನು ಬೆರಳಿಟ್ಟು ತೋರಿಸಿದವರು ಅವರೇ. ನನ್ನ ಮಾತು ಸುಳ್ಳೆಂಬುದು ಆಡುವಾಗಲೇ ನನಗೆ ಗೊತ್ತಿತ್ತು.

ಈಗ ಅವರ ಎಡಗಣ್ಣು ಪೂರ್ತಿಯಾಗಿ ಹೋಗಿದೆ. ಕಣ್ಣಿನ ನರವನ್ನು ಒಳಗಿಂದೊಳಗೆ ಕೊಲ್ಲುವ ಗ್ಲಾಕೋಮಾ ಎಂಬ ರೋಗ. ಬಲಗಣ್ಣಿನಲ್ಲಿ ಒಂದಿಷ್ಟು ಬೆಳಕು ಉಳಿದಿದೆ. ಮನುಷ್ಯರ ಆಕಾರ, ಬಾಗಿಲು, ದೀಪ ಇಷ್ಟು ಗೊತ್ತಾಗುತ್ತದೆ. ಅದೂ ಒಂದೆರಡು ವರ್ಷವೆಂದು ವೈದ್ಯರು ಹೇಳಿದ್ದಾರೆ. ಇಂಥ ಸ್ಥಿತಿಯಲ್ಲಿ ಊರು ನೋಡುವುದಕ್ಕೆಂದು ಪರದೇಶಕ್ಕೆ ಹೋಗುವುದು ಸರಿಯೇ ಎಂದು ನನ್ನ ತಮ್ಮನು ಶಂಕಿಸಿದನು. ತಂದೆಯವರು, “ನೋಡುವುದಕ್ಕೆ ಇವನಿದ್ದಾನಲ್ಲ” ಎಂದು ನನ್ನ ಕಡೆಗೆ ಕೈ ತೋರಿಸಿದರು.

೨೦೨೪ನೆಯ ಜನವರಿ ೯ರಂದು ಹೊರಟೆವು. ಕಲಿಯುಗದಲ್ಲಿ ಸಮುದ್ರಯಾನವು ವರ್ಜ್ಯವಲ್ಲವೇ ಎಂದು ನಾನು ವಿನೋದಕ್ಕೆ ಕೇಳಿದುದಕ್ಕೆ, “ಸಮುದ್ರವನ್ನು ಮುಟ್ಟಿದರೆ ತಾನೆ? ಇದು ಹನುಮಂತನ ದಾರಿ” ಎಂದರು. ಕೈರೋ ನಗರದಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಉತ್ತರಕ್ಕೆ ಸುಮಾರು ಮೂರು ಗಂಟೆಯ ಪ್ರಯಾಣ. ೧೮೫೬ರಲ್ಲಿ ಪೂರ್ಣಗೊಂಡ ಈ ರೈಲುಮಾರ್ಗವು ಸೂಯೆಜ್ ಕಾಲುವೆ ತೆರೆಯುವುದಕ್ಕೆ ಮೊದಲು ಇಂಡಿಯಾದ ಟಪ್ಪಾಲನ್ನೂ ಪ್ರಯಾಣಿಕರನ್ನೂ ಸಾಗಿಸುತ್ತಿತ್ತು. ಕಿಟಕಿಯ ಹೊರಗೆ ನೀಲ ನದಿಯ ಕಾಲುವೆಗಳು, ಗೋಧಿಯ ಗದ್ದೆಗಳು, ಮೇವಿನ ಹಸುರು, ಖರ್ಜೂರದ ಸಾಲು. ನಾನು ಒಂದೊಂದನ್ನೇ ಹೇಳುತ್ತ ಹೋದೆನು. ಅವರು “ಹೂಂ, ಹೂಂ” ಎನ್ನುತ್ತಿದ್ದವರು, ಎಮ್ಮೆಗಳೆಂದೊಡನೆ, “ನಮ್ಮ ಎಮ್ಮೆಯ ಹಾಗೆಯೇ ಇವೆಯೇ? ಕೊಂಬು ಹೇಗಿದೆ?” ಎಂದು ವಿಚಾರಿಸಿದರು.

ಅಲೆಕ್ಸಾಂಡ್ರಿಯಾದಲ್ಲಿ ನಾವು ಇಳಿದುಕೊಂಡ ವಸತಿಗೃಹವು ಸಮುದ್ರದ ಎದುರಿಗೇ ಇತ್ತು. ಊರೆಂಬುದು ಅಗಲಕ್ಕಿಂತ ಉದ್ದವೇ ಹೆಚ್ಚಾಗಿ, ದಡದ ಉದ್ದಕ್ಕೂ ಹತ್ತಾರು ಮೈಲಿ ಚಾಚಿಕೊಂಡಿದೆ. ಮುಂದೆ ಸಮುದ್ರ, ಹಿಂದೆ ಮಾರಿಯೂತ್ ಎಂಬ ದೊಡ್ಡ ಸರೋವರ, ನಡುವೆ ಊರು. ಕ್ರಿಸ್ತಪೂರ್ವ ೩೩೧ರಲ್ಲಿ ಅಲೆಕ್ಸಾಂಡರನು ಈ ಜಾಗವನ್ನು ಆರಿಸಿದಾಗ ತೀರದಿಂದ ಸ್ವಲ್ಪ ದೂರದಲ್ಲಿ ಫಾರೋಸ್ ಎಂಬ ದ್ವೀಪವಿತ್ತು. ಆಮೇಲಿನವರು ಏಳು ಸ್ಟೇಡಿಯ ಉದ್ದದ ಒಂದು ಸೇತುವೆಯನ್ನು ಕಟ್ಟಿ ಅದನ್ನು ನೆಲಕ್ಕೆ ಸೇರಿಸಿದರು. ಸೇತುವೆಯ ಎರಡು ಪಕ್ಕಗಳಲ್ಲಿಯೂ ಮರಳು ಕೂಡುತ್ತ ಬಂದು ಈಗ ಅದೇ ಒಂದು ದೊಡ್ಡ ಪೇಟೆಯಾಗಿದೆ. ಸೇತುವೆಯ ಮೇಲೆ ನಿಂತಿದ್ದೇವೆಂದು ಯಾರೂ ಹೇಳದಿದ್ದರೆ ಗೊತ್ತಾಗುವುದಿಲ್ಲ.

ತಂದೆಯವರಿಗೆ ಮೊದಲು ಗೊಂದಲವನ್ನುಂಟುಮಾಡಿದುದು ಸಮುದ್ರದ ದಿಕ್ಕು. ಗೋಕರ್ಣದಲ್ಲಿ ಸ್ನಾನ ಮಾಡಿದವರಿಗೆ ಸಮುದ್ರವೆಂದರೆ ಪಶ್ಚಿಮ. ಇಲ್ಲಿ ಅದು ಉತ್ತರಕ್ಕಿದೆ. ನಾವು ತಲಪಿದ ಮಾರನೆಯ ದಿನ ಮಾರ್ಗಶಿರದ ಅಮಾವಾಸ್ಯೆ. ದಕ್ಷಿಣಕ್ಕೆ ಮುಖಮಾಡಿ ತರ್ಪಣ ಬಿಡಬೇಕಾದರೆ ಸಮುದ್ರಕ್ಕೆ ಬೆನ್ನು ತೋರಿಸಬೇಕು. ದಡದ ಕಲ್ಲಿನ ಮೇಲೆ ಕುಳಿತು ಹಾಗೆಯೇ ಮಾಡಿದರು. ಬಳಿಕ ನೀರನ್ನು ಬಹಳ ಹೊತ್ತು ಆಲಿಸಿ, “ತಮ್ಮಾ, ಈ ಸಮುದ್ರಕ್ಕೆ ಭರತ ಇಳಿತ ಇಲ್ಲವೇ?” ಎಂದರು. ನಾನು ಕಣ್ಣಿದ್ದೂ ಗಮನಿಸದ ಸಂಗತಿ! ಈ ಭೂಮಧ್ಯ ಸಮುದ್ರವು ಒಂದು ಇಕ್ಕಟ್ಟಾದ ಬಾಯಿಯಿಂದ ಮಾತ್ರ ಮಹಾಸಾಗರಕ್ಕೆ ಸೇರಿರುವುದರಿಂದ, ಅದರ ಏರಿಳಿತ ಇಲ್ಲಿ ಮೊಳದಷ್ಟೂ ಇರುವುದಿಲ್ಲ.

ಅಂದು ಮಧ್ಯಾಹ್ನದಿಂದ ಎರಡು ದಿನ ಬಿರುಗಾಳಿ, ಮಳೆ. ಚಳಿಗಾಲದಲ್ಲಿ ಬರುವ ಈ ಬಿರುಮಳೆಗಳಿಗೆ ಆ ಊರಿನವರು ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ಯಾವುದು ಯಾವ ದಿನಗಳಲ್ಲಿ ಬರುವುದೆಂದು ಬೆಸ್ತರಿಗೆ ಕಂಠಪಾಠ. ನವೆಂಬರಿನಲ್ಲಿ ಬರುವ ಒಂದರ ಹೆಸರು ‘ಪೊರಕೆ’ ಎಂದು ವಸತಿಗೃಹದ ಕಾರಕೂನನು ತಿಳಿಸಿದನು. ತಂದೆಯವರಿಗೆ ಇದರಿಂದಾದ ಸಂತೋಷ ಹೇಳತೀರದು. “ನಮ್ಮಲ್ಲಿ ಆರಿದ್ರಾ ಮಳೆ, ಪುನರ್ವಸು ಮಳೆ, ಇವರಲ್ಲಿ ಪೊರಕೆ ಮಳೆ. ಸರಿಯಾಗಿಯೇ ಇದೆ” ಎಂದು, ಉಳಿದ ಹೆಸರುಗಳನ್ನೂ ಅವನಿಂದ ಹೇಳಿಸಿ, ದಿನಗಳನ್ನು ಸೌರಮಾನಕ್ಕೆ ಹೊಂದಿಸುತ್ತ ಕುಳಿತರು.

ಆಹಾರದ ವಿಷಯ ಗೃಹಿಣಿಯರು ಕೇಳಿಯೇ ಕೇಳುತ್ತಾರೆ. ತಂದೆಯವರು ನೀರುಳ್ಳಿ ಬೆಳ್ಳುಳ್ಳಿ ತಿನ್ನತಕ್ಕವರಲ್ಲ. ಆದಕಾರಣ ಅಲ್ಲಿಯ ಪ್ರಸಿದ್ಧವಾದ ‘ಕೊಷರಿ’ಯನ್ನು ನಾನೊಬ್ಬನೇ ತಿಂದೆನು. ಅಕ್ಕಿ, ಬೇಳೆ, ಶಾವಿಗೆ ಬೆರಸಿ, ಹುರಿದ ನೀರುಳ್ಳಿಯನ್ನು ಮೇಲೆ ಉದುರಿಸಿದ ಆ ಖಾದ್ಯವು ನಮ್ಮ ಕಿಚಡಿಯ ಸಂತತಿಯೆಂದು ಹಲವರ ಅಭಿಪ್ರಾಯ. ರುಚಿ ನೋಡಿದರೆ ನಂಬಬಹುದು. ತಂದೆಯವರಿಗೆ ಮನೆಯಿಂದ ತಂದ ಅವಲಕ್ಕಿ, ಚಟ್ನಿಪುಡಿ, ಅಲ್ಲಿಯ ಕಿತ್ತಳೆ, ಖರ್ಜೂರ, ಸೀಬೆಹಣ್ಣು, ಬಿಸಿಯಾದ ದುಂಡನೆಯ ರೊಟ್ಟಿ. ಆ ರೊಟ್ಟಿಯನ್ನು ಅವರ ಆಡುಮಾತಿನಲ್ಲಿ ‘ಏಷ್’ ಎನ್ನುತ್ತಾರೆ. ಆ ಪದಕ್ಕೆ ಜೀವನವೆಂದೂ ಅರ್ಥ. ಉಪನಿಷತ್ತನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಮಳೆಯ ದಿನಗಳಲ್ಲಿ ಚಾವಣಿಯಿರುವ ಜಾಗಗಳನ್ನು ನೋಡಿದೆವು. ಗ್ರೀಕ್ ಮತ್ತು ರೋಮನ್ ಕಾಲದ ವಸ್ತುಗಳ ಸಂಗ್ರಹಾಲಯವು ೨೦೦೫ರಲ್ಲಿ ಮುಚ್ಚಿದ್ದು, ನಾವು ಹೋಗುವುದಕ್ಕೆ ಮೂರು ತಿಂಗಳ ಹಿಂದೆ ತಾನೆ, ೨೦೨೩ರ ಅಕ್ಟೋಬರಿನಲ್ಲಿ, ಮತ್ತೆ ತೆರೆದಿತ್ತು. ಗಾಜಿನ ಪೆಟ್ಟಿಗೆಗಳ ಮುಂದೆ ನಿಂತು ನಾನು ವಿವರಿಸಿದೆನು. ಕಣ್ಣಿಲ್ಲದವರಿಗೆ ವಿಗ್ರಹಗಳನ್ನು ವಿವರಿಸುವುದು ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು. ಮೂರನೆಯ ಕೊಠಡಿಯ ಹೊತ್ತಿಗೆ ನನ್ನ ವಿಶೇಷಣಗಳೆಲ್ಲ ಮುಗಿದುಹೋಗಿದ್ದವು. ಈಜಿಪ್ಟ್ ಎಂದೊಡನೆ ಕನ್ನಡಿಗರಿಗೆ ಆಕ್ಸಿರಿಂಕಸ್ಸಿನ ಪ್ರಹಸನದ ನೆನಪಾಗುವುದು ಸಹಜ. ೧೯೦೩ರಲ್ಲಿ ಪ್ರಕಟವಾದ ಆ ಗ್ರೀಕ್ ಪ್ರಹಸನದಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವೆಂದು ೧೯೦೪ರಲ್ಲಿ ಹುಲ್ಟ್ಷ್ ಪಂಡಿತರು ವಾದಿಸಿದರು. ಒಪ್ಪಿದವರಿದ್ದಾರೆ, ಒಪ್ಪದವರೂ ಇದ್ದಾರೆ. ಆ ಊರು ಅಲೆಕ್ಸಾಂಡ್ರಿಯಾಕ್ಕೆ ಬಹುದೂರ ದಕ್ಷಿಣದಲ್ಲಿದೆಯಾದುದರಿಂದ ನಮಗೆ ಅದರ ಗೊಡವೆ ಬೇಕಾಗಲಿಲ್ಲ. ಪಾಂಪೆಯ ಕಂಬವೆಂದು ಕರೆಯುವ ಕೆಂಪುಕಲ್ಲಿನ ಮಹಾಸ್ತಂಭವನ್ನು ಮಳೆಯ ಬಿಡುವಿನಲ್ಲಿ ಹೋಗಿ ಮುಟ್ಟಿಬಂದೆವು. ಅದಕ್ಕೂ ಪಾಂಪೆಗೂ ಸಂಬಂಧವಿಲ್ಲ. ಅದು ಡಯೊಕ್ಲೀಷಿಯನ್ ಚಕ್ರವರ್ತಿಯ ಗೌರವಾರ್ಥವಾಗಿ ಎತ್ತಿಸಿದ್ದು. ೧೯೦೦ರಲ್ಲಿ ಒಂದು ಕತ್ತೆಯು ಕುಸಿದುಬಿದ್ದುದರಿಂದ ಬೆಳಕಿಗೆ ಬಂದ ನೆಲದೊಳಗಿನ ಸಮಾಧಿಗಳಿಗೆ ಮೆಟ್ಟಿಲುಗಳು ಬಹಳ. ಅವನ್ನು ಕೈಬಿಟ್ಟೆವು.

ಹೊಸ ಗ್ರಂಥಾಲಯಕ್ಕೆ ಹೋಗದೆ ಇರುವುದುಂಟೇ? ೨೦೦೨ರಲ್ಲಿ ತೆರೆದ ಈ ಕಟ್ಟಡವು ಸಮುದ್ರದಿಂದ ಮೇಲೇಳುತ್ತಿರುವ ಸೂರ್ಯಮಂಡಲದಂತೆ ಓರೆಯಾಗಿ ನಿಂತಿದೆ. ಮಂಡಲದ ವ್ಯಾಸ ೧೬೦ ಮೀಟರು. ಹೊರಗಿನ ದೊಡ್ಡ ಗೋಡೆಗೆ ಅಸ್ವಾನಿನ ಬೂದು ಕಲ್ಲನ್ನು ಹೊದಿಸಿ, ಪ್ರಪಂಚದ ೧೨೦ ಲಿಪಿಗಳ ಅಕ್ಷರಗಳನ್ನು ಕೆತ್ತಿದ್ದಾರೆ. ತಂದೆಯವರಿಗೆ ಆ ಊರಿನಲ್ಲಿ ಎಲ್ಲಕ್ಕಿಂತ ಹಿಡಿಸಿದ ಕಟ್ಟಡ ಇದೇ, ಏಕೆಂದರೆ ಇದನ್ನು ಓದುವುದಕ್ಕೆ ಕಣ್ಣು ಬೇಕಾಗಿಲ್ಲ. ಒದ್ದೆ ಗೋಡೆಯ ಉದ್ದಕ್ಕೂ ಅಂಗೈಯಿಟ್ಟು, ಆಳವಾದ ಗೀಟುಗಳಲ್ಲಿ ಬೆರಳನ್ನು ಓಡಿಸುತ್ತ ಅರ್ಧ ಗಂಟೆ ನಡೆದರು. ಆಮೇಲೆ ಹಳೆಯ ಗ್ರಂಥಾಲಯವನ್ನು ಸುಟ್ಟವರಾರೆಂದು ಕೇಳಿದರು. ಕ್ರಿಸ್ತಪೂರ್ವ ೪೮ರಲ್ಲಿ ಸೀಸರನ ಯುದ್ಧದಲ್ಲಿ ಬೆಂಕಿ ಬಿದ್ದಿತೆಂದೂ, ಕ್ರಿಸ್ತಶಕ ೩೯೧ರಲ್ಲಿ ಸೆರಾಪಿಸ್ ದೇವಾಲಯ ನಾಶವಾಯಿತೆಂದೂ, ಇದು ಒಬ್ಬರ ಕೆಲಸವಲ್ಲ, ಒಂದು ದಿನದ್ದೂ ಅಲ್ಲವೆಂದೂ ಹೇಳಿದೆನು. “ಗೆದ್ದಲನ್ನೂ ಸೇರಿಸು” ಎಂದರು. ನಮ್ಮ ಅಟ್ಟದ ಮೇಲೆ ಅವರ ಮೂವತ್ತು ವರ್ಷದ ಗಣಿತದ ಕಟ್ಟುಗಳಿದ್ದವು. ನಾನು ಪಟ್ಟಣದಲ್ಲಿ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ಅವು ಗೆದ್ದಲಿಗೆ ಹೋದವು. ಅವರು ಅದನ್ನು ನೆನೆದು ಹೇಳಿದರೋ ಸುಮ್ಮನೆ ಹೇಳಿದರೋ ತಿಳಿಯದು. ನಾನಂತೂ ಗೋಡೆಯ ಕಡೆಗೆ ನೋಡಿದೆನು.

೧೪ನೆಯ ತಾರೀಖು ಆದಿತ್ಯವಾರ ಆಕಾಶ ತೊಳೆದಿಟ್ಟಂತಿತ್ತು. ಬೆಳಗ್ಗೆ ತಂದೆಯವರು ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟನ್ನು ತೆಗೆದರು. ಒಳಗೆ ಹಿತ್ತಾಳೆಯ ದ್ವಾದಶಾಂಗುಲ ಶಂಕು, ಅಂಗುಲಕ್ಕೊಂದರಂತೆ ಗಂಟುಹಾಕಿದ ದಾರ, ಒಂದು ತುಂಡು ಸೀಮೆಸುಣ್ಣ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಆ ಶಂಕುವನ್ನು ಮೂರು ಮಂದಿ ತಿರುಗಿಸಿ ತಿರುಗಿಸಿ ನೋಡಿದುದು ಏಕೆಂದು ನನಗೆ ಆಗ ತಿಳಿಯಿತು.

ಊರಿನಲ್ಲಿಯೂ ಏರ್ಪಾಟಾಗಿತ್ತು. ನನ್ನ ತಮ್ಮನ ಮಗನು ನಮ್ಮ ಅಂಗಳದಲ್ಲಿ ಇನ್ನೊಂದು ಶಂಕುವನ್ನು ನಿಲ್ಲಿಸಿ, ನೆರಳು ಅತ್ಯಂತ ಗಿಡ್ಡವಾದ ಕ್ಷಣದಲ್ಲಿ ದೂರವಾಣಿಯಲ್ಲಿ ಕರೆಯತಕ್ಕದ್ದು. ಅವನು ಕರೆದಾಗ ನಮ್ಮ ಗಡಿಯಾರದಲ್ಲಿ ೯ ಗಂಟೆ ೯ ನಿಮಿಷ. “ಎಂಟೂವರೆ ಅಂಗುಲ, ಒಂದು ಕೂದಲಷ್ಟು ಜಾಸ್ತಿ, ಅಜ್ಜಯ್ಯ” ಎಂದನು. ಅಂದರೆ ನಮ್ಮ ಹಳ್ಳಿಯಲ್ಲಿ ಆಗ ಸರಿಯಾದ ಮಧ್ಯಾಹ್ನ. ಯವನಪುರದಲ್ಲಿ ಸೂರ್ಯನು ಇನ್ನೂ ಪೂರ್ವದ ಮಹಡಿಗಳ ಮೇಲಿದ್ದನು.

ಹನ್ನೊಂದೂವರೆಗೆ ಸಮುದ್ರದ ದಂಡೆಯ ಕಟ್ಟೆಗೆ ಹೋದೆವು. ಕಟ್ಟೆಯ ಮೇಲೆ ಮಟ್ಟವಾದ ಜಾಗವನ್ನು ಹುಡುಕುವುದರಲ್ಲಿ ತೊಂದರೆಯಾಯಿತು. ಪಕ್ಕದಲ್ಲಿ ಚಹಾ ಮಾರುತ್ತಿದ್ದ ಒಬ್ಬ ಮಧ್ಯವಯಸ್ಕನು ನಮ್ಮ ಪರದಾಟವನ್ನು ನೋಡಿ, ತನ್ನ ತಗಡಿನ ತಟ್ಟೆಯನ್ನು ತಂದಿಟ್ಟು, ಅದರೊಳಗೆ ಒಂದು ಲೋಟ ನೀರು ಸುರಿದು, ನೀರು ಎತ್ತ ಓಡುವುದೆಂದು ನೋಡಿ ಕೆಳಗೆ ಕಾಗದದ ಮಡಿಕೆಗಳನ್ನು ಸೇರಿಸಿದನು. ನಮ್ಮ ಶಾಸ್ತ್ರದಲ್ಲಿ ಹೇಳಿರುವ ಜಲಸಮೀಕರಣ ಇದೇ! ಅವನಿಗೆ ಯಾರು ಹೇಳಿಕೊಟ್ಟರೋ. ನೀರನ್ನು ಒರಸಿ ಶಂಕುವನ್ನಿಟ್ಟೆವು. ನಾಲ್ಕೈದು ಹುಡುಗರು ಸೇರಿದರು. ಒಬ್ಬ ಪೋಲೀಸಿನವನು ಬಂದು, ನೋಡಿ, ಚಹಾದವನೊಡನೆ ಎರಡು ಮಾತನಾಡಿ, ತಾನೂ ನಿಂತನು.

ನೆರಳಿನ ತುದಿ ತಂದೆಯವರಿಗೆ ಕಾಣುವುದಿಲ್ಲ. ನಾನು ಎರಡು ಮೂರು ನಿಮಿಷಕ್ಕೊಮ್ಮೆ ತುದಿಗೆ ಸೀಮೆಸುಣ್ಣದಿಂದ ಚುಕ್ಕೆಯಿಡುವುದು. ಅವರು ಶಂಕುವಿನ ಬುಡದಿಂದ ಚುಕ್ಕೆಯವರೆಗೆ ದಾರವನ್ನೆಳೆದು ಗಂಟುಗಳನ್ನು ಬೆರಳಿನಿಂದ ಎಣಿಸುವುದು. “ಸರಿಯಾಗಿ ಇಡು. ನಿನ್ನ ಕೈ ನಡುಗುತ್ತದೆ” ಎಂದರು. ನಿಜವಾಗಿಯೂ ನಡುಗುತ್ತಿತ್ತು. ಐವತ್ತು ವರ್ಷಗಳ ಹಿಂದೆ ನಾನು ಅವರೊಡನೆ ಈ ಕೆಲಸವನ್ನು ಮಾಡುತ್ತಿದ್ದೆನು. ಆಗಲೂ ಅವರು ಇದೇ ಮಾತನ್ನು ಹೇಳುತ್ತಿದ್ದರು.

೧೨ ಗಂಟೆ ೯ ನಿಮಿಷದ ಹೊತ್ತಿಗೆ ನೆರಳು ಕುಗ್ಗುವುದು ನಿಂತಿತು. ಹದಿನೈದೂವರೆ ಅಂಗುಲಕ್ಕೆ ಸ್ವಲ್ಪ ಮೇಲೆ. ನಾನು ಹಾಗೆಂದು ಕೂಗುವಷ್ಟರಲ್ಲಿ ಒಂದು ಮಸೀದಿಯಿಂದ, ಅದರ ಹಿಂದೆಯೇ ಇನ್ನೊಂದರಿಂದ, ಮತ್ತೊಂದರಿಂದ, ಮಧ್ಯಾಹ್ನದ ಪ್ರಾರ್ಥನೆಯ ಕರೆ ಎದ್ದಿತು. ಚಹಾದವನು ಆಕಾಶವನ್ನೂ ನೆರಳನ್ನೂ ಬೆರಳಿನಿಂದ ತೋರಿಸಿ “ದುಹರ್, ದುಹರ್!” ಎಂದು ನಗತೊಡಗಿದನು. ಸೂರ್ಯನು ನೆತ್ತಿಯ ರೇಖೆಯನ್ನು ದಾಟಿದೊಡನೆ ಆ ಪ್ರಾರ್ಥನೆಯ ಹೊತ್ತು. ಅದರ ಮುಂದಿನ ಪ್ರಾರ್ಥನೆಗೂ ನೆರಳಿನದೇ ಅಳತೆ. ತಂದೆಯವರು ಕೈಯಲ್ಲಿ ದಾರವನ್ನು ಹಿಡಿದುಕೊಂಡೇ ಕಿವಿಗೊಟ್ಟು, “ಇವರ ಲೆಕ್ಕವೂ ಸರಿಯಾಗಿದೆ” ಎಂದರು.

೯ ಗಂಟೆ ೯ ನಿಮಿಷದಿಂದ ೧೨ ಗಂಟೆ ೯ ನಿಮಿಷಕ್ಕೆ ಮೂರು ಗಂಟೆ, ಎಂದರೆ ಏಳೂವರೆ ಘಟಿ. ಉಜ್ಜಯಿನಿಯು ನಮ್ಮ ಸಾಗರಕ್ಕಿಂತ ಒಂದಿಷ್ಟು ಪೂರ್ವದಲ್ಲಿರುವುದರಿಂದ ಇನ್ನು ೮ ವಿಘಟಿ ಕೂಡಿಸಬೇಕು. ವರಾಹಮಿಹಿರರು ಕೊಟ್ಟುದು ೭ಘಟಿ ೨೦ ವಿಘಟಿ. ವ್ಯತ್ಯಾಸ ಇಪ್ಪತ್ತು ವಿಘಟಿಯ ಒಳಗೆ, ನಮ್ಮ ನಿಮಿಷಗಳಲ್ಲಿ ಎಂಟಕ್ಕಿಂತ ಕಡಮೆ. ಕಾಶಿಯ ೯ ಘಟಿಯಾದರೋ ಇನ್ನೂ ಹತ್ತಿರ. “ದೂರವಾಣಿಯಿಲ್ಲದೆ ಹೇಗೆ ತಿಳಿದುಕೊಂಡರು, ಹೇಳು” ಎಂದು, ನಾನು ಮೂರನೆಯ ತರಗತಿಯ ಹುಡುಗನೋ ಎಂಬಂತೆ ಕೇಳಿದರು. ಚಂದ್ರಗ್ರಹಣದಿಂದ ಎಂದೆನು. ಗ್ರಹಣವು ಎಲ್ಲರಿಗೂ ಏಕಕಾಲದಲ್ಲಿ ಹಿಡಿಯುತ್ತದೆ. ಅವರವರ ಊರಿನ ಹೊತ್ತು ಮಾತ್ರ ಬೇರೆ. “ಹೂಂ. ಆಗ ಚಂದ್ರನೇ ದೂರವಾಣಿ” ಎಂದರು. ನೆರಳಿನಿಂದ ಅಕ್ಷಾಂಶವನ್ನು ಬಾಯಲ್ಲಿಯೇ ಗುಣಿಸಿ ೩೧ ಅಂಶವೆಂದರು. ನಕ್ಷೆಯಲ್ಲಿಯೂ ಅಷ್ಟೇ ಇದೆ.

ಚಹಾದವನು ದುಡ್ಡು ತೆಗೆದುಕೊಳ್ಳಲಿಲ್ಲ.

ಇದೇ ಊರಿನಲ್ಲಿ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಗ್ರಂಥಾಲಯದ ಅಧಿಪತಿಯಾಗಿದ್ದ ಎರಟೋಸ್ತನೀಸನು ಇಂಥ ನೆರಳಿನಿಂದಲೇ ಭೂಮಿಯ ಸುತ್ತಳತೆಯನ್ನು ಕಂಡುಹಿಡಿದನು. ಉತ್ತರಾಯಣದ ಕೊನೆಯ ದಿನ ದಕ್ಷಿಣದ ಅಸ್ವಾನಿನಲ್ಲಿ ಮಧ್ಯಾಹ್ನ ನೆರಳಿಲ್ಲ. ಅದೇ ದಿನ ಇಲ್ಲಿ ನೆರಳು ವೃತ್ತದ ಐವತ್ತರಲ್ಲೊಂದು ಪಾಲಿನಷ್ಟು ವಾಲಿರುತ್ತದೆ. ಎರಡು ಊರುಗಳ ದೂರವನ್ನು ಐವತ್ತರಿಂದ ಗುಣಿಸಿದರೆ ಮುಗಿಯಿತು. ತಂದೆಯವರಿಗೆ ಇದು ಗೊತ್ತಿತ್ತು. ಗೊತ್ತಿಲ್ಲದ ಇನ್ನೊಂದು ಸಂಗತಿಯನ್ನು ನಾನು ಹೇಳಿದೆನು. ಆಮೇಲಿನ ಪೊಸಿಡೋನಿಯಸ್ ಎಂಬ ಪಂಡಿತನು ಇದೇ ಗಣಿತವನ್ನು ಒಂದು ನಕ್ಷತ್ರದಿಂದ ಮಾಡಿದನು. ಆ ನಕ್ಷತ್ರವು ಸಮುದ್ರದ ಆಚೆಯ ರೋಡ್ಸ್ ದ್ವೀಪದಲ್ಲಿ ಕ್ಷಿತಿಜವನ್ನು ಸವರಿ ಮರೆಯಾಗುತ್ತದೆ. ಅಲೆಕ್ಸಾಂಡ್ರಿಯಾದಲ್ಲಿ ವೃತ್ತದ ನಲವತ್ತೆಂಟರಲ್ಲೊಂದು ಪಾಲು, ಎಂದರೆ ಏಳೂವರೆ ಅಂಶ, ಮೇಲಕ್ಕೇರುತ್ತದೆ ಎಂಬುದು ಅವನ ಲೆಕ್ಕ. ಗ್ರೀಕರು ಅದನ್ನು ಕನೋಪಸ್ ಎಂದರು. ಈ ನಗರದ ಪೂರ್ವಕ್ಕೆ ಅದೇ ಹೆಸರಿನ ಊರೊಂದಿತ್ತು. ನಾವು ಅದನ್ನು ಅಗಸ್ತ್ಯನೆನ್ನುತ್ತೇವೆ.

ತಂದೆಯವರು ತುಸು ಹೊತ್ತು ಮಾತನಾಡಲಿಲ್ಲ. ಆಮೇಲೆ, “ಏಳೂವರೆ ಹೆಚ್ಚಾಯಿತು. ಆರು ಇರಬೇಕು. ಈ ರಾತ್ರಿ ನೋಡೋಣ” ಎಂದರು.

ಅಂದಿನ ರಾತ್ರಿಗೆ ಇನ್ನೊಂದು ವಿಶೇಷವಿತ್ತು. ಊರಿನಲ್ಲಿ ಮಕರ ಸಂಕ್ರಾಂತಿಯ ಪ್ರವೇಶಕಾಲ ೧೫ರ ಬೆಳಗಿನ ಜಾವ ಮೂರರ ಸುಮಾರಿಗೆ. ಯವನಪುರದ ಗಡಿಯಾರದಲ್ಲಿ ಅದು ೧೪ರ ರಾತ್ರಿ ಹನ್ನೊಂದೂವರೆ. ಅಗಸ್ತ್ಯನು ದಕ್ಷಿಣದಲ್ಲಿ ಪೂರ್ಣ ಎತ್ತರಕ್ಕೆ ಬರುವುದು ಅದಕ್ಕೆ ಅರ್ಧ ಗಂಟೆಗೂ ಸ್ವಲ್ಪ ಮುಂಚೆ. ಸಂಜೆ ಒಂದು ಮಿಠಾಯಿ ಅಂಗಡಿಯಲ್ಲಿ ಎಳ್ಳನ್ನು ಸಕ್ಕರೆಯ ಪಾಕದಲ್ಲಿ ಹಾಕಿ ಬಿಲ್ಲೆಮಾಡಿದ ‘ಸಿಮ್‌ಸಿಮಿಯ್ಯಾ’ ಎಂಬ ತಿಂಡಿ ಸಿಕ್ಕಿತು. ಬೆಲ್ಲವಲ್ಲದಿದ್ದರೂ ಎಳ್ಳಂತೂ ಹೌದೆಂದು ಕಾಗದದಲ್ಲಿ ಕಟ್ಟಿಸಿಕೊಂಡೆನು.

ಫಾರೋಸ್ ದ್ವೀಪದ ತುದಿಯಲ್ಲಿ, ಕೈತಬೈ ಸುಲ್ತಾನನ ಕೋಟೆಯ ಹೊರಗೆ, ರಾತ್ರಿ ಹತ್ತೂವರೆಗೆ ಬಾಡಿಗೆಯ ಕಾರಿನಿಂದ ಇಳಿದೆವು. ನೂರು ಮೀಟರಿಗೂ ಮೇಲ್ಪಟ್ಟ ಎತ್ತರದ ಜಗತ್ಪ್ರಸಿದ್ಧವಾದ ದೀಪಸ್ತಂಭವು ಸಾವಿರದ ಐನೂರು ವರ್ಷಕ್ಕೂ ಮಿಕ್ಕಿ ನಿಂತಿದ್ದುದು ಇಲ್ಲಿಯೇ. ಭೂಕಂಪಗಳಿಂದ ಅದು ಉರುಳಿದ ಮೇಲೆ, ೧೪೭೭ರಲ್ಲಿ ಸುಲ್ತಾನನು ಆ ಜಾಗದಲ್ಲಿ ಕೋಟೆಯನ್ನು ಕಟ್ಟಿಸತೊಡಗಿದನು. ಅದರ ಕಲ್ಲುಗಳೆಷ್ಟೋ ಇನ್ನೂ ಪಕ್ಕದ ನೀರಿನೊಳಗೆ ಬಿದ್ದಿವೆ. ೧೯೯೪ರಿಂದ ಮುಳುಗುಗಾರರು ಅವನ್ನು ಗುರುತುಮಾಡುತ್ತಿದ್ದಾರೆ. ನಾವು ಕೋಟೆಗೆ ಬೆನ್ನುಮಾಡಿ ದಕ್ಷಿಣಕ್ಕೆ ತಿರುಗಿ ನಿಂತೆವು. ಮುಂದೆ ಬಂದರಿನ ಕಪ್ಪು ನೀರು, ಬೆಸ್ತರ ದೋಣಿಗಳು, ನೀರಿನ ಆಚೆ ಇಡೀ ನಗರದ ದೀಪಗಳು. ಚಂದ್ರನು ಆಗಲೇ ಮುಳುಗಿದ್ದನು. ಆದರೆ ದೀಪಗಳ ಮೇಲೆ ಹಳದಿಯಾದ ಮಂಜು, ಅದರ ಮೇಲೆ ಒಂದು ಪಟ್ಟೆ ಮೋಡ. ಮೇಲೆ ಲುಬ್ಧಕ ನಕ್ಷತ್ರವು ಸೊಗಸಾಗಿ ಉರಿಯುತ್ತಿತ್ತು. ಕೆಳಗೆ ಏನೂ ಇಲ್ಲ.

ಹತ್ತು ಗಂಟೆ ಐವತ್ತು ನಿಮಿಷವಾಯಿತು. ತಂದೆಯವರು ಕಂಬಳಿಯನ್ನು ಹೊದ್ದು ಕಟ್ಟೆಯ ಮೇಲೆ ಕುಳಿತಿದ್ದರು. “ಬಂತೇ?” ಎಂದರು. ಮೋಡದ ಪಟ್ಟೆ ಅಲುಗಲಿಲ್ಲ. ಇನ್ನೊಂದು ವರ್ಷಕ್ಕೆ ಇವರಿಗೆ ದೀಪವೂ ಕಾಣಲಿಕ್ಕಿಲ್ಲ, ಇಷ್ಟು ದೂರ ಬಂದು ಇಲ್ಲವೆನ್ನುವುದು ಹೇಗೆ ಎಂದು ನನ್ನ ಮನಸ್ಸು ಕೇಳಿತು. “ಬಂತು, ಅಪ್ಪಯ್ಯ. ಕಂಡಿತು” ಎಂದುಬಿಟ್ಟೆನು.

“ಹೇಗಿದೆ?”

“ಬೆಳ್ಳಗೆ, ಸ್ಥಿರವಾಗಿ ಹೊಳೆಯುತ್ತಿದೆ.”

ತಂದೆಯವರು ಮೆಲ್ಲಗೆ ನಕ್ಕರು. “ಆರು ಅಂಶದ ಎತ್ತರದಲ್ಲಿ ಯಾವ ನಕ್ಷತ್ರವೂ ಬೆಳ್ಳಗಿರುವುದಿಲ್ಲ, ಸ್ಥಿರವಾಗಿಯೂ ಇರುವುದಿಲ್ಲ. ನೀನು ನೋಡಿದ್ದು ನಮ್ಮ ಅಂಗಳದ ಅಗಸ್ತ್ಯನನ್ನು. ಕುಳಿತುಕೋ. ಕಾಯೋಣ.”

ಅರವತ್ತು ವರ್ಷದವನು ಸುಳ್ಳಿನಲ್ಲಿ ಸಿಕ್ಕಿಬಿದ್ದು ತಂದೆಯ ಪಕ್ಕದಲ್ಲಿ ಕುಳಿತುಕೊಂಡೆನು. ಐಸ್‌ಕ್ರೀಂ ಮಾರುವ ಗಾಡಿಯೊಂದು, ಆ ಚಳಿಯಲ್ಲಿಯೂ, ಗಂಟೆ ಬಾರಿಸುತ್ತ ಹೋಯಿತು. ಕಾಲು ಗಂಟೆ ಕಳೆಯಿತು. ಸಮುದ್ರದ ಕಡೆಯಿಂದ ಗಾಳಿ ಎದ್ದು ಕೋಟೆಯನ್ನು ಸುತ್ತಿ ನಮ್ಮ ಬೆನ್ನಿಗೆ ಬಡಿಯಿತು. ಮೋಡದ ಪಟ್ಟೆ ಒಂದು ಕಡೆ ಹರಿಯಿತು. ಆಚೆ ದಡದ ಮನೆಗಳ ಸಾಲಿನ ಮೇಲೆ, ಯಾರದೋ ಮಾಳಿಗೆಯ ದೀಪವೆಂದು ನಾನು ಮೊದಲು ಬಿಟ್ಟುಬಿಟ್ಟ ಒಂದು ಕೆಂಪು ಕಿಡಿ, ಒಮ್ಮೆ ಹಸುರಾಗಿ, ಮತ್ತೆ ಕೆಂಪಾಗಿ, ಗಾಳಿಗೆ ಸಿಕ್ಕಿದ ಬತ್ತಿಯ ಹಾಗೆ ನಡುಗುತ್ತಿತ್ತು.

“ಅಪ್ಪಯ್ಯ, ಕೆಂಪಗಿದೆ. ನಡುಗುತ್ತಿದೆ.”

“ಹಾಗಾದರೆ ಅದೇ. ನನ್ನ ಕೈ ಹಿಡಿ.”

ಅವರು ಬಲಗೈಯನ್ನು ನೀಳವಾಗಿ ಚಾಚಿ ಬೆರಳುಗಳನ್ನು ಅಡ್ಡವಾಗಿ ಜೋಡಿಸಿದರು. ನಾನು ಅವರ ಭುಜಕ್ಕೆ ಗಲ್ಲವನ್ನು ತಾಗಿಸಿ, ಕೈಯನ್ನು ತಿರುಗಿಸಿ, ಕಿರುಬೆರಳನ್ನು ಮನೆಗಳ ಸಾಲಿಗೆ ಸರಿಯಾಗಿ ಇಟ್ಟೆನು. ಕಿಡಿ ಮೂರನೆಯ ಬೆರಳಿನ ಮೇಲೆ ಕುಳಿತಿತು. “ಮೂರು ಬೆರಳು” ಎಂದೆನು. “ಐದು ಅಂಶ, ಮನೆಗಳ ಎತ್ತರಕ್ಕೆ ಒಂದು. ಆರು. ನಾನು ಹೇಳಲಿಲ್ಲವೇ?” ಎಂದರು. ಕೈಯನ್ನು ಮಾತ್ರ ಇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹಲಗೆಯ ಮೇಲೆ ಓಡಿಸುವುದಕ್ಕಿಂತ ಇದು ವಾಸಿ, ಅಲ್ಲವೇ ತಮ್ಮಾ?” ಎಂದರು.

ಮೂವತ್ತೇಳು ವರ್ಷ ಅವರು ಆ ಮಾತನ್ನು ಇಟ್ಟುಕೊಂಡಿದ್ದರು. ನನಗೆ ಗಂಟಲು ಕಟ್ಟಿತು. “ಅಂದು ನಾನು ಆಡಿದ್ದು ತಪ್ಪು, ಅಪ್ಪಯ್ಯ. ಸುಳ್ಳೆಂದು ಗೊತ್ತಿದ್ದೇ ಆಡಿದೆ” ಎಂದೆನು.

“ಗೊತ್ತು. ನಾನು ದಿನವೂ ನೋಡುತ್ತಿದ್ದೆ. ನೀವೆಲ್ಲ ಮಲಗಿದ ಮೇಲೆ.”

“ಪಂಚಾಂಗವನ್ನು ಅದಕ್ಕೇ ನಿಲ್ಲಿಸಿದಿರಾ?”

“ಛೆ. ಪ್ರತಿಮಾಡುವುದಕ್ಕೆ ಕೈ ಸಾಕಾಯಿತು. ನೀನಿದ್ದಿದ್ದರೆ ಬರೆಯುತ್ತಿದ್ದೆ” ಎಂದರು. ಇದು ಸಮಾಧಾನದ ಮಾತೋ ಅಲ್ಲವೋ, ಈಗಲೂ ನಾನು ನಿಶ್ಚಯಿಸಲಾರೆ.

ಹನ್ನೊಂದು ಗಂಟೆ ಇಪ್ಪತ್ತನಾಲ್ಕು ನಿಮಿಷಕ್ಕೆ, ತಂದೆಯವರ ಗಣಿತದಂತೆ, ಸೂರ್ಯನು ಮಕರವನ್ನು ಪ್ರವೇಶಿಸಿದನು. ಕಾಗದವನ್ನು ಬಿಚ್ಚಿದೆನು. ಎಳ್ಳಿನ ಬಿಲ್ಲೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅವರ ಹಲ್ಲಿಗೆ ಆಗುವಂತಿರಲಿಲ್ಲ. ಜೇಬಿನಲ್ಲಿದ್ದ ಶಂಕುವನ್ನು ತೆಗೆದು ಕಟ್ಟೆಯ ಮೇಲಿಟ್ಟು ಕುಟ್ಟಿ ಪುಡಿಮಾಡಿ ಅವರ ಅಂಗೈಗೆ ಹಾಕಿದೆನು. ಅವರು ಅದನ್ನು ಬಾಯಿಗೆ ಹಾಕಿಕೊಂಡು, ಮುಖವನ್ನು ದಕ್ಷಿಣಕ್ಕೆ ತಿರುಗಿಸಿಕೊಂಡೇ, “ಇನ್ನು ಐದು ಘಟಿಗೆ ಸ್ವಲ್ಪ ಕಡಮೆ” ಎಂದರು. ಏತಕ್ಕೆ ಎಂದು ಕೇಳಿದೆನು.

“ಮುಳುಗುವುದಕ್ಕೆ. ಅಷ್ಟು ಹೊತ್ತು ಕೂತಿರಲಾದೀತೇ? ಕಾರಿನವನಿಗೆ ಏನು ಹೇಳಿದ್ದೀಯೆ?”